ಶಾರೀರ ಮತ್ತು ಶ್ರುತಿ

ಹಾಡುವ ದನಿಗೆ ನಮ್ಮವರು ಇಟ್ಟ ಹೆಸರು ಶಾರೀರ. ಶರೀರದೊಡನೆಯೇ ಹುಟ್ಟಿಬರುವುದರಿಂದ ಅದಕ್ಕೆ ಆ ಹೆಸರೆಂದು 13ನೆಯ ಶತಮಾನದ ಶಾರ್ಙ್ಗದೇವನು ‘ಸಂಗೀತರತ್ನಾಕರ’ದಲ್ಲಿ ವಿವರಿಸುತ್ತಾನೆ. ಈ ಮಾತನ್ನು ನಾವು ಮರೆತುದರಿಂದಲೇ ಎಷ್ಟೋ ಎಳೆಯ ಕಂಠಗಳು ಹಾಡುವುದನ್ನು ನಿಲ್ಲಿಸಿಬಿಡುತ್ತವೆಯೆಂದು ನನ್ನ ಎಣಿಕೆ. ನಾನು ಸಾಹಿತ್ಯದ ಅಧ್ಯಾಪಕನಾಗಿದ್ದವನು. ಸಂಗೀತದಲ್ಲಿ ಬರಿಯ ಕೇಳುಗ. ಕೇಳುಗನ ಸಲುಗೆಯಿಂದ ಕೆಲವು ಮಾತು ಹೇಳುತ್ತೇನೆ.

ಪಾಶ್ಚಾತ್ಯರು ದನಿಯನ್ನು ಮುಖ್ಯವಾಗಿ ಅದರ ವ್ಯಾಪ್ತಿಯಿಂದ ವಿಂಗಡಿಸುತ್ತಾರೆ: ಹೆಂಗಸರಲ್ಲಿ ಸೊಪ್ರಾನೊ, ಮೆಝೊ ಸೊಪ್ರಾನೊ, ಕಾಂಟ್ರಾಲ್ಟೊ, ಗಂಡಸರಲ್ಲಿ ಟೆನರ್, ಬ್ಯಾರಿಟೋನ್, ಬಾಸ್. ಹಲವು ದನಿಗಳು ಬೇರೆ ಬೇರೆ ಎತ್ತರಗಳಲ್ಲಿ ಕೂಡಿ ಹಾಡುವ ಅವರ ಮೇಳಗಾನಕ್ಕೆ ಅದು ಅವಶ್ಯಕ. ಶಾರ್ಙ್ಗದೇವನು ನೋಡಿದ್ದು ದನಿಯ ಗುಣವನ್ನು. ಸ್ನಿಗ್ಧ, ಮಧುರವಾದುದು ಖಾಹುಲ, ಮೂರು ಸ್ಥಾಯಿಗಳಲ್ಲಿಯೂ ಗಂಭೀರವಾದುದು ನಾರಾಟ, ಒರಟಾದುದು ಬೊಂಬಕ, ಬೆರೆತದ್ದು ಮಿಶ್ರಕ. ಒಬ್ಬರೇ ಹಾಡುವ ನಮ್ಮ ಪದ್ಧತಿಯಲ್ಲಿ ಷಡ್ಜವು ಕಂಠವನ್ನು ಹಿಂಬಾಲಿಸಿ ಬರುತ್ತದೆ. ಗಂಡಸರು ಒಂದು ಮನೆಯ ಆಸುಪಾಸಿನಲ್ಲಿ, ಹೆಂಗಸರು ಐದರ ಆಸುಪಾಸಿನಲ್ಲಿ ಶ್ರುತಿ ಇಟ್ಟುಕೊಳ್ಳುವುದು ರೂಢಿ; ಆದರೆ ರೂಢಿಯೇ ಕಟ್ಟಳೆಯಲ್ಲ.

ಇಷ್ಟು ಉದಾರವಾದ ಪದ್ಧತಿಯಿದ್ದೂ, ಗುಂಪು ಪಾಠಗಳಲ್ಲಿ ಎಲ್ಲ ಮಕ್ಕಳಿಗೂ ಒಂದೇ ಶ್ರುತಿಪೆಟ್ಟಿಗೆ. ಹದಿಮೂರು, ಹದಿನಾಲ್ಕರ ಹುಡುಗನಿಗೆ ಧ್ವನಿಪೆಟ್ಟಿಗೆ ಬೆಳೆದು, ಧ್ವನಿತಂತುಗಳು ಉದ್ದವಾಗಿ, ದಪ್ಪವಾಗಿ, ದನಿ ಸುಮಾರು ಒಂದು ಸ್ಥಾಯಿಯಷ್ಟು ಕೆಳಗಿಳಿಯುತ್ತದೆ. ನಾವು ಅದನ್ನು ‘ದನಿ ಒಡೆಯಿತು’ ಎನ್ನುತ್ತೇವೆ. ಆ ಮಾತನ್ನೇ ನಂಬಿ ಹುಡುಗ ಮೂಲೆ ಸೇರುತ್ತಾನೆ. ಕಾಲೇಜಿನ ಪ್ರಾರ್ಥನೆಗೆ ಕರೆದಾಗ, ‘ಚಿಕ್ಕವನಿದ್ದಾಗ ಹಾಡುತ್ತಿದ್ದೆ, ಸಾರ್’ ಎಂದು ಹಿಂಜರಿದ ಹುಡುಗರನ್ನು ನಾನು ವರ್ಷವರ್ಷವೂ ಕಂಡಿದ್ದೇನೆ. ಅವರಿಗೆ ಬೇಕಾಗಿದ್ದುದು ಕೆಳಗಿನ ಶ್ರುತಿ, ಕೆಲವು ತಿಂಗಳ ತಾಳ್ಮೆ.

ತನ್ನ ಎಲ್ಲೆಯನ್ನು ಅರಿಯುವುದು ಕಷ್ಟವಲ್ಲ. ಹಾರ್ಮೋನಿಯಮ್ಮಿನ ಮುಂದೆ ಕುಳಿತು, ಮಾತನಾಡುವ ದನಿಯ ಎತ್ತರದಲ್ಲಿ ಅಕಾರ ಹಿಡಿಯಿರಿ. ಒಂದೊಂದೇ ಸ್ವರ ಇಳಿಯಿರಿ. ದನಿ ಹೋಗಿ ಬರಿಯ ಉಸಿರಾಗುವಲ್ಲಿ ನಿಲ್ಲಿರಿ. ಹಾಗೆಯೇ ಏರಿರಿ, ಕತ್ತಿನ ನರ ಬಿಗಿಯುವಲ್ಲಿ ನಿಲ್ಲಿರಿ. ಎರಡು ತುದಿಗಳಲ್ಲಿಯೂ ಒಂದೆರಡು ಸ್ವರಗಳನ್ನು ಬಿಡಿ. ಉಳಿದದ್ದು ನಿಮ್ಮ ಸ್ವಂತ ಆಸ್ತಿ. ಅದರ ಕೆಳಗಿನ ಸ್ವರವನ್ನು ಮಂದ್ರ ಪಂಚಮವೆಂದು ಎಣಿಸಿದರೆ, ಪ, ದ, ನಿ ದಾಟಿ ಷಡ್ಜ ದೊರೆಯುತ್ತದೆ. ಅಲ್ಲಿಂದ ತಾರ ಪಂಚಮದವರೆಗೆ ದನಿ ನಿರಾಯಾಸವಾಗಿ ಏರಿದರೆ ಅದೇ ನಿಮ್ಮ ಶ್ರುತಿ; ಏರದಿದ್ದರೆ ಅರ್ಧ ಮನೆ ಇಳಿಸಿ ನೋಡಿ. ಬೆಳಗಿನ ದನಿ ಸಂಜೆಗಿರದು. ಕೆಲವು ದಿನ ಪರೀಕ್ಷಿಸಿರಿ.

ದನಿ ಇಳಿಯಿತೆಂದು ಮರುಗುವವರು ಗಂಗೂಬಾಯಿ ಹಾನಗಲ್ಲರನ್ನು ನೆನೆಯಬೇಕು. ಅವರ 1930ರ ದಶಕದ ಧ್ವನಿಮುದ್ರಿಕೆಗಳಲ್ಲಿ ಕೇಳುವುದು ತೆಳುವಾದ, ಎತ್ತರದ ಹೆಣ್ಣುದನಿ. ಮುಂದೆ ಗಂಟಲಿನ ಶಸ್ತ್ರಚಿಕಿತ್ಸೆಯಾದ ಬಳಿಕ ಅದು ಗಂಡುದನಿಯೆನಿಸುವಷ್ಟು ಗಂಭೀರವಾಯಿತು. ಹಳೆಯ ದನಿಗಾಗಿ ಕಾಯದೆ, ಬಂದ ದನಿಯಲ್ಲೇ ಅವರು ಕಿರಾಣಾ ಗಾಯಕಿಯನ್ನು ಬೆಳಗಿದರು. 2009ರಲ್ಲಿ ಕಣ್ಮರೆಯಾಗುವ ವೇಳೆಗೆ ಆ ಘನತೆಯೇ ಅವರ ಗುರುತಾಗಿತ್ತು.

ಸಂಗೀತ ಕಲಿಸುವವರಲ್ಲಿ ನನ್ನದೊಂದು ಬಿನ್ನಹ: ಮಗುವಿಗೆ ಸರಳೆವರಸೆ ಹೇಳಿಕೊಡುವ ಮೊದಲು, ಅದರ ಷಡ್ಜ ಎಲ್ಲಿದೆಯೆಂದು ಒಮ್ಮೆ ಆಲಿಸಿ.