ಮನೆಯ ಲೆಕ್ಕ, ಶಾಲೆಯ ಲೆಕ್ಕ
(ಸಂಘದ ಬೆಳ್ಳಿಹಬ್ಬದಲ್ಲಿ ಊರಿನ ಹಿರಿಯ ಪ್ರಾಥಮಿಕ ಶಾಲಾ ಶಿಕ್ಷಕರ ಪರವಾಗಿ ಮಾಡಿದ ಭಾಷಣ)



ಹಾಲಿನ ಸಂಘದ ಹಬ್ಬದಲ್ಲಿ ಶಾಲೆ ಮೇಷ್ಟ್ರುಗಳಿಗೇನು ಕೆಲಸ ಅಂತ ಕೆಲವರಿಗೆ ಅನ್ನಿಸಬಹುದು. ಕೆಲಸ ಇದೆ. ಆರು, ಏಳು, ಎಂಟನೇ ತರಗತಿಗೆ ಲೆಕ್ಕ ಹೇಳಿಕೊಡುವ ನಮಗೆ ಈ ಡೈರಿಯಷ್ಟು ಒಳ್ಳೆಯ ಪಾಠೋಪಕರಣ ಊರಿನಲ್ಲಿ ಇನ್ನೊಂದಿಲ್ಲ. ಆದರೆ ಡೈರಿಗೆ ಬರುವ ಮೊದಲು ಒಂದು ಪಹಣಿಯ ವಿಷಯ ಹೇಳುತ್ತೇವೆ.

ಏಳನೇ ತರಗತಿಯಲ್ಲಿ ದಶಮಾಂಶದ ಭಾಗಾಕಾರ ನಡೆದಿತ್ತು. ಪುಸ್ತಕದ ಲೆಕ್ಕಗಳನ್ನೆಲ್ಲ ಮಕ್ಕಳು ಸರಸರನೆ ಮುಗಿಸಿದ್ದರು. ಆಮೇಲೆ ಪಹಣಿಯಲ್ಲಿ ಬರೆದಿರುವ ಹಾಗೆಯೇ ವಿಸ್ತೀರ್ಣ 2.25 ಅಂತ ಬೋರ್ಡಿನ ಮೇಲೆ ಬರೆದು, ಮೂವರು ಅಣ್ಣತಮ್ಮಂದಿರಿಗೆ ಸಮಪಾಲು ಮಾಡಿ ಅಂದೆವು. ಇಡೀ ತರಗತಿ 0.75 ಅಂದಿತು. ಮುಕ್ಕಾಲು ಎಕರೆ, ಅಂದರೆ 30 ಗುಂಟೆ. ಸರಿ ಅಂತಲೂ ಹೇಳಲಿಲ್ಲ, ತಪ್ಪು ಅಂತಲೂ ಹೇಳಲಿಲ್ಲ. ಮನೆಯಲ್ಲಿ ಕೇಳಿಕೊಂಡು ಬನ್ನಿ ಅಂತ ಕಳಿಸಿದೆವು.

ಮಾರನೆಯ ದಿನ ಒಬ್ಬ ಹುಡುಗ ಎದ್ದು ನಿಂತ. "ಸಾರ್, ನಮ್ಮ ತಾತ ನಗಾಡಿಬಿಟ್ರು. ಒಂದೊಂದು ಪಾಲಿಗೆ 35 ಗುಂಟೆ ಬರಬೇಕಂತೆ." ಆ ತಾತನವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಎರಡು ಎಕರೆಗೆ 80 ಗುಂಟೆ, ಮೇಲೆ 25, ಒಟ್ಟು 105, ಮೂರು ಭಾಗ ಮಾಡಿದರೆ 35. ಅಷ್ಟೇ. ಪಹಣಿಯ ಆ ಚುಕ್ಕೆ ದಶಮಾಂಶದ ಚುಕ್ಕೆಯಲ್ಲ, ಎಕರೆಯನ್ನೂ ಗುಂಟೆಯನ್ನೂ ಬೇರೆ ಮಾಡುವ ಗುರುತು.

ಆಗ ಹಿಂದಿನ ಬೆಂಚಿನಿಂದ ಇನ್ನೊಬ್ಬ, "ಕ್ರಿಕೆಟ್‌ನಲ್ಲೂ ಹಂಗೇ ಸಾರ್, 4.3 ಓವರ್ ಅಂದ್ರೆ ನಾಲ್ಕೂವರೆ ಓವರ್" ಅಂದ. ಇದನ್ನು ನಾವು ಹೇಳಿಕೊಟ್ಟಿರಲಿಲ್ಲ. ಅಲ್ಲಿಂದ ಚುಕ್ಕೆಯ ಬಗ್ಗೆಯೇ ಜಗಳ ಶುರುವಾಗಿ ಆ ಪೀರಿಯಡ್ಡೂ ಮುಂದಿನದೂ ಮುಗಿದುಹೋಯಿತು. ಒಂದು ಗುಂಟೆ ಅಂದರೆ 33 ಅಡಿಗೆ 33 ಅಡಿ, 1089 ಚದರ ಅಡಿ. ತಪ್ಪು ಲೆಕ್ಕದಲ್ಲಿ ಒಬ್ಬೊಬ್ಬರಿಗೂ ಐದು ಗುಂಟೆ, ಅಂದರೆ 5445 ಚದರ ಅಡಿ ಕೈಬಿಟ್ಟಿತ್ತು. ಮೂವತ್ತು ನಲವತ್ತರ ಸೈಟು ನಾಲ್ಕೂವರೆ ಆಗುತ್ತದೆ ಅಂತ ಮಕ್ಕಳೇ ಲೆಕ್ಕ ಹಾಕಿ ಹೇಳಿದರು. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದ ಮೇಲೆ ನಮ್ಮ ಕಡೆ ಜಮೀನಿನ ಬೆಲೆ ಏನಾಗಿದೆ ಅಂತ ಇಲ್ಲಿ ಕೂತಿರುವ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ನಾಳೆ ಭಾಗಪತ್ರಕ್ಕೆ ರುಜು ಹಾಕುವವರು ಇದೇ ಮಕ್ಕಳು.

ಇನ್ನು ಹಾಲು. ಒಂದು ಹಸುವಿನದು 6 ಲೀಟರ್, ಫ್ಯಾಟ್ 4.2. ಇನ್ನೊಂದರದು 4 ಲೀಟರ್, ಫ್ಯಾಟ್ 3.2. ಎರಡನ್ನೂ ಒಂದೇ ಕ್ಯಾನಿಗೆ ಸುರಿದರೆ ಫ್ಯಾಟ್ ಎಷ್ಟು? ಬಹಳ ಮಕ್ಕಳು ಎರಡನ್ನೂ ಕೂಡಿ ಅರ್ಧ ಮಾಡಿ 3.7 ಅಂದರು. ಒಬ್ಬ ಹುಡುಗಿ ಮಾತ್ರ, "ಆರು ಲೀಟರ್ ಇರೋ ಕಡೆಗೆ ವಾಲಬೇಕಲ್ವಾ ಮಿಸ್?" ಅಂದಳು. ವಾಲುತ್ತದೆ. ಉತ್ತರ 3.8. ಪುಸ್ತಕದಲ್ಲಿ ಸರಾಸರಿಯ ಸೂತ್ರ ಇದೆ. ಅದು ಎಲ್ಲಿ ಹಿಡಿಯುತ್ತದೆ, ಎಲ್ಲಿ ಹಿಡಿಯುವುದಿಲ್ಲ ಅನ್ನುವುದು ಆ ಮಗುವಿಗೆ ಕ್ಯಾನಿನಿಂದ ತಿಳಿಯಿತು.

ನೇಕಾರರ ಮನೆಯ ಮಕ್ಕಳದು ಇನ್ನೂ ಸ್ವಾರಸ್ಯ. 63 ಮೀಟರ್ ಹಾಸಿನಲ್ಲಿ ರವಿಕೆ ಸೇರಿ 6.3 ಮೀಟರಿನ ಸೀರೆ ಎಷ್ಟು ಅಂದರೆ ಎಲ್ಲರೂ ಹತ್ತು ಅಂದರು. ಮಗ್ಗದ ಮನೆಯ ಮಗು ಒಪ್ಪಲಿಲ್ಲ. ನೇಯುವಾಗ ನೂಲು ಕುಗ್ಗುತ್ತದೆ, ಕೊನೆಯ ತುಂಡು ಮಗ್ಗದಲ್ಲೇ ಉಳಿಯುತ್ತದೆ, ಒಂಬತ್ತೇ ಬರುವುದು ಅಂತ ಹಟ ಹಿಡಿಯಿತು. ಅಂದು ಪಾಠ ಹೇಳಿದ್ದು ಅದೇ.

ಇದೇನು ಹೊಸ ಸಂಶೋಧನೆಯಲ್ಲ. 12ನೇ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲಿ ಗಣಿತ ಬರೆದಾಗ ಪುಸ್ತಕಕ್ಕೆ 'ವ್ಯವಹಾರಗಣಿತ' ಅಂತಲೇ ಹೆಸರಿಟ್ಟ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ ಮಗುವಿನ ಯೋಚನೆಯೇ ಗಣಿತದ ದಾರಿ ಹಿಡಿಯಬೇಕು ಅನ್ನುತ್ತದೆ. ಶಾಲೆಗಳಲ್ಲಿ ಮೆಟ್ರಿಕ್ ಮೇಳ, ಮಕ್ಕಳ ಸಂತೆ ಮಾಡುತ್ತೇವೆ. ಒಳ್ಳೆಯದೇ. ಆದರೆ ವರ್ಷಕ್ಕೊಂದು ದಿನ ಸೊಪ್ಪು ಮಾರಿ ಫೋಟೋ ತೆಗೆಸಿಕೊಂಡರೆ ಸಾಲದು ಅಂತ ನಮ್ಮ ಅಭಿಪ್ರಾಯ.

ಹಾಗಾದರೆ ಮಗ್ಗಿ ಬೇಡವಾ ಅಂತ ಹಿರಿಯರು ಕೇಳುತ್ತಾರೆ. ಬೇಕೇ ಬೇಕು. ಮಗ್ಗಿ ಬಾರದ ಮಗು 105ನ್ನು ಮೂರರಿಂದ ಭಾಗಿಸುವುದು ಹೇಗೆ? ಬೀಜಗಣಿತವನ್ನೆಲ್ಲ ಕೊಟ್ಟಿಗೆಯಿಂದಲೇ ತರೋಣ ಅಂತಲೂ ನಾವು ಹೇಳುವುದಿಲ್ಲ. ಬಲವಂತವಾಗಿ ತಂದರೆ ಅದು ಸುಳ್ಳು ಲೆಕ್ಕವಾಗುತ್ತದೆ, ಮಕ್ಕಳಿಗೆ ತಕ್ಷಣ ಗೊತ್ತಾಗುತ್ತದೆ.

ಈ ಸಭೆಯಲ್ಲಿರುವ ಎಷ್ಟೋ ತಾಯಂದಿರು ಸಂಘದ ಷೇರುದಾರರು. ಹಾಲಿನ ಚೀಟಿಯಲ್ಲಿ ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು, ದುಡ್ಡು ಯಾಕೆ ಈ ಸಲ ಕಮ್ಮಿ ಬಂತು ಅಂತ ಓದಲಾಗದೆ ಹಾಗೇ ಸೆರಗಿಗೆ ಕಟ್ಟಿಕೊಂಡು ಹೋಗುತ್ತಾರೆ. ಮನೆಯಲ್ಲಿ ಏಳನೇ ತರಗತಿಯ ಮಗು ಇದ್ದೂ ಹೀಗಾಗುತ್ತಿದೆ. ಅದಕ್ಕೇ ಆಡಳಿತ ಮಂಡಳಿಯಲ್ಲಿ ನಮ್ಮದೊಂದು ವಿನಂತಿ. ತಿಂಗಳಿಗೊಂದು ಶನಿವಾರ ಬೆಳಗ್ಗೆ, ಹಾಲು ಅಳೆದು ಮುಗಿದ ಮೇಲೆ, ಅರ್ಧ ಗಂಟೆ ಮಕ್ಕಳಿಗೆ ಡೈರಿಯ ಬಾಗಿಲು ತೆರೆದಿಡಿ. ಲ್ಯಾಕ್ಟೋಮೀಟರ್ ಕೈಗೆ ಕೊಟ್ಟು ತೋರಿಸಿ. ಹೆಸರು ಮುಚ್ಚಿ, ಒಂದು ವಾರದ ಲೆಕ್ಕದ ಹಾಳೆ ಕೊಡಿ. ಮಕ್ಕಳು ಪ್ರಶ್ನೆ ಕೇಳಿದರೆ ಬೇಸರ ಮಾಡಿಕೊಳ್ಳಬೇಡಿ; ಲೆಕ್ಕ ತಾಳೆಯಾಗದಿದ್ದರೆ ಕೇಳೇ ಕೇಳುತ್ತಾರೆ.

ತಾಯಂದಿರೇ, ಇವತ್ತು ಸಂಜೆಯ ಚೀಟಿಯನ್ನು ಮಗುವಿನ ಕೈಗೆ ಕೊಟ್ಟು ಓದಿಸಿ. ಅರ್ಥವಾಗದಿದ್ದರೆ ಸೋಮವಾರ ಶಾಲೆಗೆ ಕಳಿಸಿ, ಆ ದಿನ ಅದನ್ನೇ ಪಾಠ ಮಾಡುತ್ತೇವೆ.