ಕಾಡಿನ ಮೃಗ ಯಾರದು?

ಹಳೆಯ ಮನೆಗಳ ಪಡಸಾಲೆಯ ಗೋಡೆಯಲ್ಲಿ ಕಡವೆಯ ಕೊಂಬನ್ನು ನೀವು ನೋಡಿರಬಹುದು. ಅದರ ಕೆಳಗೆ ಕುಳಿತು ಹಿರಿಯರು ಹೇಳುತ್ತಿದ್ದ ಬೇಟೆಯ ಕಥೆಗಳಲ್ಲಿ ಹುಲಿ ಬರುತ್ತಿತ್ತು, ಕೋವಿ ಬರುತ್ತಿತ್ತು. ಸರ್ಕಾರದ ಲೈಸೆನ್ಸು ಮಾತ್ರ ಬರುತ್ತಿರಲಿಲ್ಲ.

ಹಾಗೆಂದು ಆಗ ನಿಯಮವೇ ಇರಲಿಲ್ಲವೆಂದು ತಿಳಿಯಬಾರದು. ಸರ್ಕಾರದ ಕಾಡಿನಲ್ಲಿ ಬೇಟೆಗೆ ಹೋಗುವವನು ಅಪ್ಪಣೆ ಪಡೆಯಬೇಕಾಗಿತ್ತು. ಯಾವ ಕಾಡು, ಯಾವ ತಿಂಗಳು, ಯಾವ ಮೃಗ ಎಂಬುದಕ್ಕೆಲ್ಲ ಕಟ್ಟಳೆಯಿತ್ತು. ಮೈಸೂರು ಸಂಸ್ಥಾನದಲ್ಲಿ 1931ರಲ್ಲೇ ಬಂಡೀಪುರದ ಕಾಡು ಮೃಗಗಳಿಗೆ ಅಭಯಸ್ಥಾನವಾಯಿತು. ಉಳಿದೆಡೆ ಶುಲ್ಕ ತೆತ್ತವನಿಗೆ ದಾರಿ ತೆರೆದಿತ್ತು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಈ ದಾರಿಯನ್ನು ಕಿರಿದು ಮಾಡಿತು. ಅದರಲ್ಲೂ ದೊಡ್ಡ ಬೇಟೆ, ಸಣ್ಣ ಬೇಟೆ ಎಂದು ಲೈಸೆನ್ಸುಗಳಿದ್ದವು. 1991ರ ತಿದ್ದುಪಡಿ ಅವನ್ನೂ ತೆಗೆದುಹಾಕಿತು. ಇಂದು ವಿನೋದಕ್ಕಾಗಿ ಕಾಡುಮೃಗವನ್ನು ಬೇಟೆಯಾಡಲು ಯಾರಿಗೂ ಲೈಸೆನ್ಸು ಇಲ್ಲ. ಕೊಡವರಿಗೆ ಕೋವಿಯ ವಿಷಯದಲ್ಲಿರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ ಮಾತ್ರ, ಬೇಟೆಗಲ್ಲ.

ಬೇಟೆಯೆಂದರೆ ಗುಂಡು ಹಾರಿಸುವುದಷ್ಟೇ ಅಲ್ಲ. ಉರುಳು ಒಡ್ಡುವುದು, ವಿಷವಿಡುವುದು, ಬೆನ್ನಟ್ಟುವುದು, ಹಕ್ಕಿಯ ಗೂಡು ಕೆದಕುವುದು, ಇವುಗಳಿಗಾಗಿ ಪ್ರಯತ್ನಿಸುವುದು ಕೂಡ ಕಾನೂನಿನ ಕಣ್ಣಿನಲ್ಲಿ ಬೇಟೆಯೇ. ಸ್ವಂತ ಹೊಲದಲ್ಲಿ ಮಾಡಿದರೂ ತಪ್ಪು ತಪ್ಪೇ.

ಇಲ್ಲಿ ರೈತನ ಪ್ರಶ್ನೆ ಏಳುತ್ತದೆ. ಆರು ತಿಂಗಳ ದುಡಿಮೆಯನ್ನು ಕಾಡುಹಂದಿ ಒಂದೇ ರಾತ್ರಿಯಲ್ಲಿ ಅಗೆದು ಹಾಕಿದರೆ ಅವನು ಸುಮ್ಮನೆ ಕೂರಬೇಕೆ? ಬೈಕಿನ ಕ್ಲಚ್ ತಂತಿಯಿಂದ ಬೇಲಿಯ ಸಂದಿಯಲ್ಲಿ ಉರುಳು ಕಟ್ಟುತ್ತಾನೆ. ಆದರೆ ಉರುಳಿಗೆ ಹಂದಿ ಯಾವುದು, ಚಿರತೆ ಯಾವುದು ಎಂಬ ಭೇದ ತಿಳಿಯದು. ಬೆಳಗಾಗುವಾಗ ತಂತಿಯಲ್ಲಿ ಚಿರತೆ ಸಿಕ್ಕಿದ್ದರೆ ಮೃಗಕ್ಕೂ ಕೇಡು, ರೈತನಿಗೂ ಸೆರೆಮನೆ.

ಕಾಯಿದೆ ರೈತನನ್ನು ಮರೆತಿಲ್ಲ. ಹಂದಿಯಂಥ ಪ್ರಾಣಿ ನಿಂತ ಬೆಳೆಗೆ ಅಪಾಯವಾದರೆ ಅದನ್ನು ಕೊಲ್ಲಲು ಮುಖ್ಯ ವನ್ಯಜೀವಿ ಪಾಲಕರು ಅಥವಾ ಅವರು ನೇಮಿಸಿದ ಅಧಿಕಾರಿ ಕಾರಣ ಸಹಿತ ಲಿಖಿತ ಆಜ್ಞೆ ಕೊಡಬಹುದು. ಹುಲಿ, ಆನೆಗಳ ಮಾತು ಬೇರೆ. ಮನುಷ್ಯರ ಪ್ರಾಣಕ್ಕೆ ಅಪಾಯವಿರಬೇಕು ಅಥವಾ ಮೃಗಕ್ಕೆ ವಾಸಿಯಾಗದ ರೋಗವಿರಬೇಕು. ಹಿಡಿಯುವುದಾಗಲಿ ಬೇರೆಡೆಗೆ ಸಾಗಿಸುವುದಾಗಲಿ ಸಾಧ್ಯವಿಲ್ಲವೆಂದು ಮುಖ್ಯ ಪಾಲಕರಿಗೇ ಮನವರಿಕೆಯಾಗಬೇಕು. ಮೈಮೇಲೆ ಬಂದ ಮೃಗವನ್ನು ಪ್ರಾಣರಕ್ಷಣೆಗಾಗಿ ಕೊಂದರೆ ಅಪರಾಧವಿಲ್ಲ. ಆದರೆ ಅದರ ಕಳೇಬರ ಸರ್ಕಾರದ ಸ್ವತ್ತು. ಬೆಳೆ ಹೋದವನು ಅರಣ್ಯ ಇಲಾಖೆಗೆ ಅರ್ಜಿ ಹಾಕಿ ಪರಿಹಾರ ಕೇಳಬಹುದು.

ಪರಿಹಾರ ತಡವಾಗಿ ಬಂದರೆ ರೈತನ ಕೈ ಮತ್ತೆ ತಂತಿಯ ಕಡೆಗೆ ಹೋಗುತ್ತದೆ. ಆದ್ದರಿಂದ ಪಟ್ಟಣದಲ್ಲಿರುವ ನಾವು ಮೃಗ ಉಳಿಯಲೆಂದು ಹೇಳುವಾಗ ಅವನ ಅರ್ಜಿ ಬೇಗ ಮುಂದೆ ಹೋಗಲೆಂದೂ ಹೇಳಬೇಕು. ಕಾಡಿನ ಮೃಗ ಎಲ್ಲರದೂ ಆದರೆ, ಅದು ತಿಂದ ಬೆಳೆಯ ನಷ್ಟವೂ ಎಲ್ಲರದಾಗಬೇಡವೆ?