ಯಾವ ರೋಮ್ನಿಗೆ ವೋಟು?

(2012ರ ಅಕ್ಟೋಬರ್ 23, ಆಯುಧಪೂಜೆಯ ರಾತ್ರಿ ಪ್ರಸಾರವಾದದ್ದು)

ಗಾಡಿ ತೊಳೆದು, ಬೂದುಗುಂಬಳಕಾಯಿ ಒಡೆದು, ಕಡಲೆಪುರಿ ಹಂಚಿ ಈಗ ಟಿವಿ ಮುಂದೆ ಕೂತಿದ್ದೀರಿ. ನಾಳೆ ಮೈಸೂರಲ್ಲಿ ಜಂಬೂಸವಾರಿ. ಇಂಥ ದಿನ ಇವನ್ಯಾಕಪ್ಪ ಅಮೆರಿಕದ ಎಲೆಕ್ಷನ್ ಕಥೆ ತೆಗೀತಾನೆ ಅಂತ ಬೈಕೋಬೇಡಿ. ಇವತ್ತು ಬೆಳಿಗ್ಗೆ ಆರೂವರೆಗೆ, ನೀವು ಗಾಡಿಗೆ ಮಾವಿನ ಸೊಪ್ಪು ಕಟ್ಟೋ ಹೊತ್ತಿಗೆ, ಅಲ್ಲೂ ಆಯುಧದ ಮಾತೇ ನಡೀತಿತ್ತು. ಒಬಾಮ ಮತ್ತು ಮಿಟ್ ರೋಮ್ನಿ ನಡುವಿನ ಮೂರನೇ, ಕೊನೇ ಚರ್ಚೆ. ನಮ್ಮ ನೌಕಾಪಡೆಯ ಹಡಗುಗಳು 1917ರಿಂದೀಚೆಗೆ ಇಷ್ಟು ಕಡಿಮೆ ಇರಲೇ ಇಲ್ಲ ಅಂದರು ರೋಮ್ನಿ. ಹೌದು ಸ್ವಾಮಿ, ಕುದುರೆ, ಬಯೋನೆಟ್ಟುಗಳೂ ಕಡಿಮೆ ಆಗಿವೆ ಅಂತ ಒಬಾಮ ತಿರುಗೇಟು ಕೊಟ್ಟರು. ಇಡೀ ದಿನ ಎಲ್ಲಾ ಚಾನೆಲ್‌ಗಳಲ್ಲೂ ಅದೇ. ನಾವೂ ತೋರಿಸಿದೆವು, ಸುಳ್ಳು ಯಾಕೆ ಹೇಳಲಿ.

ಆದರೆ ನನ್ನ ಕಣ್ಣು ಹೋಗಿದ್ದು ಚರ್ಚೆ ನಡೆದ ಊರಿನ ಮೇಲೆ. ಫ್ಲಾರಿಡಾ ರಾಜ್ಯದ ಬೋಕಾ ರಾಟನ್. ಇದೇ ಊರಲ್ಲಿ, ಕಳೆದ ಮೇ ತಿಂಗಳಲ್ಲಿ, ಒಬ್ಬ ಶ್ರೀಮಂತರ ಮನೆಯಲ್ಲಿ ರೋಮ್ನಿ ಅವರಿಗೊಂದು ಔತಣ ನಡೆದಿತ್ತು. ಚುನಾವಣಾ ನಿಧಿಗೆ ದುಡ್ಡು ಎತ್ತುವ ಊಟ. ಒಂದು ಎಲೆಗೆ 50 ಸಾವಿರ ಡಾಲರ್. ನಮ್ಮ ಲೆಕ್ಕದಲ್ಲಿ 25 ಲಕ್ಷ ರೂಪಾಯಿಗೂ ಮೇಲೆ. ಅಲ್ಲಿ ಅವರು ಏನಂದರು ಅನ್ನೋದು ಸೆಪ್ಟೆಂಬರ್ ತಿಂಗಳಲ್ಲಿ ಒಂದು ಗುಪ್ತ ವಿಡಿಯೋದಿಂದ ಹೊರಗೆ ಬಂತು. ಈ ದೇಶದ ಶೇಕಡಾ 47 ಜನ ಏನೇ ಆದರೂ ಒಬಾಮಗೇ ವೋಟು ಹಾಕ್ತಾರೆ. ಅವರು ಸರ್ಕಾರವನ್ನೇ ನೆಚ್ಚಿಕೊಂಡವರು, ಆದಾಯ ತೆರಿಗೆ ಕಟ್ಟದವರು, ತಮಗೆ ಅನ್ಯಾಯ ಆಗಿದೆ ಅಂದುಕೊಂಡವರು, ಊಟ, ಮನೆ, ಔಷಧಿ ಎಲ್ಲ ತಮ್ಮ ಹಕ್ಕು ಅನ್ನುವವರು. ಅವರ ಬಗ್ಗೆ ತಲೆ ಕೆಡಿಸಿಕೊಳ್ಳೋದು ನನ್ನ ಕೆಲಸ ಅಲ್ಲ. ಇದು ಮಾತಿನ ಸಾರಾಂಶ.

ಈ 47 ಅನ್ನೋ ಲೆಕ್ಕ ಸುಳ್ಳಲ್ಲ. ಕೇಂದ್ರದ ಆದಾಯ ತೆರಿಗೆ ಕಟ್ಟದ ಕುಟುಂಬಗಳು ಹೆಚ್ಚುಕಡಿಮೆ ಅಷ್ಟಿವೆ. ಆದರೆ ಯಾರು ಅವರು? ಅರ್ಧಕ್ಕಿಂತ ಹೆಚ್ಚು ಜನ ದುಡಿಯುವವರು. ಸಂಬಳ ಕಡಿಮೆ ಅಂತ ಆದಾಯ ತೆರಿಗೆ ಬರೋದಿಲ್ಲ, ಅಷ್ಟೆ. ಸಂಬಳದಲ್ಲಿ ಪಿಂಚಣಿ, ವೃದ್ಧರ ಆರೋಗ್ಯ ವಿಮೆಗೆ ಅಂತ ಹಿಡಿಯುವ ತೆರಿಗೆಯನ್ನು ಅವರೂ ಕಟ್ತಾರೆ. ಉಳಿದವರಲ್ಲಿ ಬಹಳ ಜನ ನಿವೃತ್ತರಾದ ಮುದುಕರು. ಅವರಲ್ಲಿ ಎಷ್ಟೋ ಜನ ರೋಮ್ನಿಯವರ ರಿಪಬ್ಲಿಕನ್ ಪಕ್ಷಕ್ಕೇ ವೋಟು ಹಾಕುವವರು!

ಇನ್ನೊಂದು ವಿಷಯ. ಮಿಟ್ ರೋಮ್ನಿಯವರ ತಂದೆ ಜಾರ್ಜ್ ರೋಮ್ನಿ ಹುಟ್ಟಿದ್ದು ಮೆಕ್ಸಿಕೋದಲ್ಲಿ. ಅಲ್ಲಿ ಕ್ರಾಂತಿ ಆದಾಗ ಆ ಕುಟುಂಬ ಮನೆಮಠ ಬಿಟ್ಟು ಅಮೆರಿಕಕ್ಕೆ ಓಡಿ ಬಂತು. ಮೊದಲ ವರ್ಷಗಳಲ್ಲಿ ಸರ್ಕಾರದ ಪರಿಹಾರದ ಮೇಲೆ ಬದುಕಿದೆವು ಅನ್ನೋದನ್ನ ಮನೆಯವರು ಮುಚ್ಚಿಟ್ಟಿಲ್ಲ. ಮಿಟ್ ಅವರ ತಾಯಿ ಲೆನೋರ್ 1962ರಲ್ಲಿ ಕ್ಯಾಮೆರಾ ಮುಂದೆಯೇ ಹೇಳಿಕೊಂಡಿದ್ದಾರೆ. ಹಾಗೆ ಬಂದ ಹುಡುಗ ಮುಂದೆ ಅಮೆರಿಕನ್ ಮೋಟಾರ್ಸ್ ಕಾರು ಕಂಪನಿಯ ಮುಖ್ಯಸ್ಥನಾದ, ಮಿಷಿಗನ್ ರಾಜ್ಯದ ಗವರ್ನರ್ ಆದ. ಕಷ್ಟದಲ್ಲಿ ಸಿಕ್ಕ ಹಿಡಿ ಅನ್ನ ಆ ಮನುಷ್ಯನನ್ನು ಸೋಮಾರಿ ಮಾಡಲಿಲ್ಲ. ಮಗನಿಗೆ ಇದು ಗೊತ್ತಿಲ್ಲವೇ? ಚೆನ್ನಾಗಿ ಗೊತ್ತು.

ವಿಡಿಯೋ ಬಂದ ದಿನ ಮಾತು ನಯವಾಗಿರಲಿಲ್ಲ, ಅಷ್ಟೆ ಅಂದರು. ಎರಡು ವಾರ ಬಿಟ್ಟು, ನಾನು ಹೇಳಿದ್ದು ಪೂರ್ತಿ ತಪ್ಪು ಅಂದರು. ಎರಡರಲ್ಲಿ ಯಾವುದನ್ನ ನಂಬೋದು? ಇದೇ ನೋಡಿ ಈ ಅಭ್ಯರ್ಥಿಯ ಸಮಸ್ಯೆ. ಒಂದೊಂದು ಕೋಣೆಗೆ ಒಬ್ಬೊಬ್ಬ ರೋಮ್ನಿ.

1994ರಲ್ಲಿ ಮಸಾಚುಸೆಟ್ಸ್ ರಾಜ್ಯದಿಂದ ಸೆನೆಟ್‌ಗೆ ಎಡ್ವರ್ಡ್ ಕೆನಡಿ ವಿರುದ್ಧ ನಿಂತಾಗ ಗರ್ಭಪಾತ ಕಾನೂನುಬದ್ಧವಾಗಿ, ಸುರಕ್ಷಿತವಾಗಿ ಇರಬೇಕು ಅಂದವರು. 2002ರಲ್ಲಿ ಗವರ್ನರ್ ಸ್ಥಾನಕ್ಕೆ ನಿಂತಾಗಲೂ ಅದೇ ಮಾತು. 2005ರ ಹೊತ್ತಿಗೆ, ಅಧ್ಯಕ್ಷ ಪದವಿ ಕಣ್ಣಿಗೆ ಬಿದ್ದ ಮೇಲೆ, ನಾನು ಗರ್ಭಪಾತದ ವಿರೋಧಿ ಅಂತ ಪತ್ರಿಕೆಯಲ್ಲಿ ಬರೆದರು. ಮನುಷ್ಯ ಮನಸ್ಸು ಬದಲಿಸಬಾರದು ಅಂತ ನಾನು ಹೇಳಲ್ಲ. ನಮ್ಮ ರಾಜಕಾರಣಿಗಳ ಹತ್ತಿರ ಕೂತು ಬಂದವನಿಗೆ ಇದೇನು ದೊಡ್ಡ ಸುದ್ದಿಯೂ ಅಲ್ಲ. ಆದರೆ ಪ್ರತಿ ಬದಲಾವಣೆಯೂ ಮುಂದಿನ ಚುನಾವಣೆ ಇರುವ ದಿಕ್ಕಿಗೇ ಆದರೆ? ಕಳೆದ ಮಾರ್ಚ್‌ನಲ್ಲಿ ಅವರ ಸಲಹೆಗಾರರೇ ಬಾಯಿ ಬಿಟ್ಟರು: ಪಕ್ಷದೊಳಗಿನ ಸ್ಪರ್ಧೆ ಮುಗಿದ ಮೇಲೆ ಎಲ್ಲಾ ಹೊಸದಾಗಿ ಶುರು ಮಾಡಬಹುದು, ಮಕ್ಕಳ ಆಟದ ಸ್ಲೇಟಿನ ಹಾಗೆ, ಅಲ್ಲಾಡಿಸಿದರೆ ಬರೆದದ್ದೆಲ್ಲ ಅಳಿಸಿಹೋಗುತ್ತೆ ಅಂತ. ವಿರೋಧಿಗಳಲ್ಲ, ಸ್ವಂತ ಕಡೆಯವರು ಹೇಳಿದ್ದು!

ನನಗೆ ಅದಕ್ಕಿಂತ ಹೆಚ್ಚು ಬೇಸರ ತಂದದ್ದು ಬೇರೆ. ಈ ಮನುಷ್ಯ ಮಾಡಿದ ಒಂದು ದೊಡ್ಡ ಒಳ್ಳೆ ಕೆಲಸ ಇದೆ. 2006ರ ಏಪ್ರಿಲ್. ಮಸಾಚುಸೆಟ್ಸ್ ಗವರ್ನರ್ ರೋಮ್ನಿ ಬಾಸ್ಟನ್‌ನ ಫ್ಯಾನಿಯಲ್ ಹಾಲ್‌ನಲ್ಲಿ ಆರೋಗ್ಯ ವಿಮೆ ಕಾನೂನಿಗೆ ಸಹಿ ಹಾಕಿದರು. ಪಕ್ಕದಲ್ಲಿ ನಿಂತಿದ್ದವರು ಯಾರು? ಹನ್ನೆರಡು ವರ್ಷದ ಹಿಂದೆ ಅವರನ್ನು ಸೋಲಿಸಿದ ಅದೇ ಕೆನಡಿ. ಕಾನೂನು ಸರಳ. ರಾಜ್ಯದಲ್ಲಿ ಎಲ್ಲರೂ ವಿಮೆ ಮಾಡಿಸಲೇಬೇಕು, ಮಾಡಿಸದಿದ್ದರೆ ದಂಡ. ಕೈಲಾಗದ ಬಡವರಿಗೆ ಸರ್ಕಾರದ ನೆರವು. ಇವತ್ತು ಅಮೆರಿಕದಲ್ಲಿ ವಿಮೆ ಇಲ್ಲದವರ ಪ್ರಮಾಣ ಅತಿ ಕಡಿಮೆ ಇರುವ ರಾಜ್ಯ ಅದೇ. ಪಕ್ಷ ಮರೆತು, ಎದುರಾಳಿಯ ಕೈ ಹಿಡಿದು, ಜನರಿಗೆ ಆಸ್ಪತ್ರೆ ಬಾಗಿಲು ತೆಗೆಸಿದ ಮನುಷ್ಯ ಅಂತ ಎದೆ ತಟ್ಟಿ ಹೇಳಿಕೊಳ್ಳಬಹುದಿತ್ತು.

ಹೇಳಿಕೊಳ್ಳಲ್ಲ. ಯಾಕೆ ಅಂದರೆ 2010ರಲ್ಲಿ ಒಬಾಮ ತಂದ ಕಾನೂನಿನ ಅಚ್ಚು ಇದೇ. ಅದೇ ಕಡ್ಡಾಯ, ಅದೇ ದಂಡ, ಅದೇ ನೆರವು. ರಿಪಬ್ಲಿಕನ್ನರಿಗೆ ಒಬಾಮ ಕಾನೂನು ಅಂದರೆ ಮೈಯೆಲ್ಲ ಉರಿ. ಹಾಗಾಗಿ ರೋಮ್ನಿ, ನಾನು ಗೆದ್ದ ಮೊದಲ ದಿನದಿಂದಲೇ ಅದನ್ನ ಕಿತ್ತು ಹಾಕೋ ಕೆಲಸ ಶುರು ಅಂತ ಭಾಷಣ ಮಾಡ್ತಾರೆ. ಹೆತ್ತ ಮಗು ಪಕ್ಕದ ಮನೆ ಅಂಗಳದಲ್ಲಿ ಆಡ್ತಿದೆ ಅಂತ ನನ್ನದಲ್ಲ ಅಂದ ಹಾಗೆ.

ಅವರ ವಾದವನ್ನೂ ಹೇಳಬೇಕು. ಒಂದೊಂದು ರಾಜ್ಯ ತನಗೆ ಬೇಕಾದ್ದು ಮಾಡಲಿ, ಕೇಂದ್ರ ಎಲ್ಲರ ಮೇಲೆ ಹೇರಬಾರದು ಅನ್ನೋದು. ತೆಗೆದುಹಾಕೋ ವಾದವಲ್ಲ ಇದು. ದೆಹಲಿಯಿಂದ ಒಂದೇ ಅಳತೆಯ ಅಂಗಿ ಹೊಲಿದು ಎಲ್ಲಾ ರಾಜ್ಯಕ್ಕೂ ತೊಡಿಸಿದಾಗ ನಾವೂ ಇದೇ ಮಾತು ಆಡ್ತೀವಿ. ಸರಿ, ಹಾಗಾದರೆ ಅಮೆರಿಕದಲ್ಲಿ ವಿಮೆಯೇ ಇಲ್ಲದ ಸುಮಾರು 5 ಕೋಟಿ ಜನ ಏನು ಮಾಡಬೇಕು? ಕಳೆದ ತಿಂಗಳು ಟಿವಿ ಸಂದರ್ಶನದಲ್ಲಿ ಈ ಪ್ರಶ್ನೆ ಬಂತು. ಹಾರ್ಟ್ ಅಟ್ಯಾಕ್ ಆದರೆ ಮನೆಯಲ್ಲೇ ಸಾಯಲು ಯಾರೂ ಬಿಡಲ್ಲ, ಆಂಬುಲೆನ್ಸ್ ಬಂದು ಕರ್ಕೊಂಡು ಹೋಗುತ್ತೆ, ಆಸ್ಪತ್ರೆಯಲ್ಲಿ ಚಿಕಿತ್ಸೆ ಸಿಗುತ್ತೆ ಅಂದರು ರೋಮ್ನಿ. ಎರಡು ವರ್ಷದ ಹಿಂದೆ ಇನ್ನೊಂದು ಟಿವಿಯಲ್ಲಿ ಇದೇ ರೋಮ್ನಿ ಏನಂದಿದ್ದರು? ವಿಮೆ ಮಾಡಿಸದೆ ತುರ್ತು ಚಿಕಿತ್ಸಾ ಘಟಕಕ್ಕೆ ಹೋಗಿ ಪುಕ್ಕಟೆ ಚಿಕಿತ್ಸೆ ತಗೊಳ್ಳೋದರಲ್ಲಿ ಅರ್ಥವೇ ಇಲ್ಲ ಅಂತ. ಸಕ್ಕರೆ ಕಾಯಿಲೆಗೆ, ಕ್ಯಾನ್ಸರ್‌ಗೆ ಆಂಬುಲೆನ್ಸ್ ಬರಲ್ಲ ಅನ್ನೋದು 2006ರ ರೋಮ್ನಿಗೆ ಗೊತ್ತಿತ್ತು.

ಇನ್ನು ಅವರ ದೊಡ್ಡ ಬಂಡವಾಳ, ನಾನು ಬಿಸಿನೆಸ್‌ಮನ್, ಉದ್ಯೋಗ ಸೃಷ್ಟಿಸೋದು ನನಗೆ ಗೊತ್ತು ಅನ್ನೋದು. 1984ರಲ್ಲಿ ಬೇನ್ ಕ್ಯಾಪಿಟಲ್ ಅನ್ನೋ ಹೂಡಿಕೆ ಕಂಪನಿ ಕಟ್ಟಿದರು. ಕಚೇರಿ ಸಾಮಾನು ಮಾರುವ ಸ್ಟೇಪಲ್ಸ್ ಅಂಗಡಿಗೆ ಶುರುವಿನಲ್ಲೇ ದುಡ್ಡು ಹಾಕಿದರು, ಅದು ಬೆಳೆದು ಹೆಮ್ಮರವಾಯಿತು. ಅದರ ಗೌರವ ಅವರಿಗೆ ಸಲ್ಲಬೇಕು. ಆದರೆ ಕ್ಯಾನ್ಸಸ್ ಸಿಟಿಯ ಒಂದು ಉಕ್ಕಿನ ಕಾರ್ಖಾನೆಯ ಕಥೆಯೂ ಇದೆ. 1993ರಲ್ಲಿ ಬೇನ್ ಅದನ್ನು ಕೊಂಡಿತು. ಸಾಲ ಏರಿತು. 2001ರಲ್ಲಿ ದಿವಾಳಿ. 750 ಜನರ ಕೆಲಸ ಹೋಯಿತು. ಬೇನ್ ಮಾತ್ರ ಹಾಕಿದ್ದಕ್ಕಿಂತ ಹೆಚ್ಚು ತಗೊಂಡೇ ಹೊರಬಿತ್ತು. ಕಾರ್ಮಿಕರ ಪಿಂಚಣಿ ನಿಧಿ ಸಾಲದೆ ಬಂದಾಗ ಕೇಂದ್ರ ಸರ್ಕಾರದ ಪಿಂಚಣಿ ವಿಮಾ ನಿಗಮ 4.4 ಕೋಟಿ ಡಾಲರ್ ತುಂಬಬೇಕಾಯಿತು. ಮುಚ್ಚುವಾಗ ನಾನು ಬೇನ್‌ನಲ್ಲಿ ಇರಲೇ ಇಲ್ಲ, 1999ರಲ್ಲೇ ಸಾಲ್ಟ್ ಲೇಕ್ ಸಿಟಿ ಒಲಿಂಪಿಕ್ಸ್ ನಡೆಸಲು ಹೋಗಿದ್ದೆ ಅಂತಾರೆ. ಹೋಗಿದ್ದು ನಿಜ, ಆ ಒಲಿಂಪಿಕ್ಸ್ ಚೆನ್ನಾಗಿ ನಡೆಸಿದ್ದೂ ನಿಜ. ಆದರೆ ಕೊಂಡದ್ದು ಅವರ ಕಾಲದಲ್ಲೇ. ಈಗ ಹೇಳಿ, ಸರ್ಕಾರವನ್ನ ನೆಚ್ಚಿಕೊಂಡವರು ಯಾರು?

ತೆರಿಗೆ ವಿಷಯ ನೋಡಿ. ಕಳೆದ ವರ್ಷ ಅವರ ಆದಾಯ 1.37 ಕೋಟಿ ಡಾಲರ್. ಕಟ್ಟಿದ ತೆರಿಗೆ ಶೇಕಡಾ 14.1. ಕಾನೂನು ಮೀರಿಲ್ಲ, ಹೂಡಿಕೆಯ ಲಾಭಕ್ಕೆ ಅಲ್ಲಿ ತೆರಿಗೆಯೇ ಕಡಿಮೆ. ತಮಾಷೆ ಏನು ಗೊತ್ತಾ? ದಾನ ಕೊಟ್ಟ ಪೂರ್ತಿ ಮೊತ್ತಕ್ಕೆ ವಿನಾಯಿತಿ ಕೇಳಿದ್ದರೆ ತೆರಿಗೆ ಇನ್ನೂ ಇಳೀತಿತ್ತು. ಎಂದೂ ಶೇಕಡಾ 13ಕ್ಕಿಂತ ಕಡಿಮೆ ಕಟ್ಟಿಲ್ಲ ಅಂತ ಹೇಳಿಬಿಟ್ಟಿದ್ದರಲ್ಲ, ಅದಕ್ಕೇ ಬೇಕಂತಲೇ ಅರ್ಧದ ಆಸುಪಾಸಿಗಷ್ಟೇ ಕೇಳಿದರು. ಜುಲೈನಲ್ಲಿ ಏನಂದಿದ್ದರು? ಕಟ್ಟಬೇಕಾದ್ದಕ್ಕಿಂತ ಹೆಚ್ಚು ತೆರಿಗೆ ಕಟ್ಟಿದ್ದರೆ ನಾನು ಅಧ್ಯಕ್ಷನಾಗಲು ಲಾಯಕ್ಕಲ್ಲ ಅಂತ! ಜಾರ್ಜ್ ರೋಮ್ನಿ ಅಧ್ಯಕ್ಷ ಪದವಿಗೆ ಕಣಕ್ಕಿಳಿದಾಗ 12 ವರ್ಷದ ತೆರಿಗೆ ಲೆಕ್ಕ ಜನರ ಮುಂದಿಟ್ಟಿದ್ದರು. ಮಗ ಇಟ್ಟಿದ್ದು ಎರಡೇ ವರ್ಷದ್ದು.

ಈಗ ನೀವು ಕೇಳೋ ಪ್ರಶ್ನೆ ನನಗೆ ಗೊತ್ತು. ಇದೆಲ್ಲ ಅವರ ಮನೆ ಜಗಳ, ಬೆಂಗಳೂರಿಗೆ ಯಾರು ಒಳ್ಳೇದು ಅದನ್ನ ಹೇಳಿ ಸಾರ್. ಫೋನ್ ಇನ್ ಕಾರ್ಯಕ್ರಮದಲ್ಲಿ ಹತ್ತರಲ್ಲಿ ಎಂಟು ಕರೆ ಇದೇ. ಮಗ ಅಲ್ಲಿದ್ದಾನೆ, ಅಳಿಯನ ವೀಸಾ ಬಾಕಿ ಇದೆ, ಅರ್ಥ ಆಗುತ್ತೆ. ಒಬಾಮ 2009ರಲ್ಲಿ ನಮ್ಮೂರಿನ ಹೆಸರು ಹಿಡಿದೇ ಮಾತಾಡಿದರು. ಬಫೆಲೋ ಊರಲ್ಲಿ ಕೆಲಸ ಕೊಡೋದಕ್ಕಿಂತ ಬೆಂಗಳೂರಲ್ಲಿ ಕೊಟ್ಟರೆ ತೆರಿಗೆ ಕಡಿಮೆ, ಇಂಥ ಕಾನೂನು ಬದಲಾಗಬೇಕು ಅಂತ. ಆ ಸಿಟ್ಟು ನಮಗಿನ್ನೂ ಹೋಗಿಲ್ಲ. ರೋಮ್ನಿ ಆದರೆ ಪರಿಣತರಿಗೆ ವೀಸಾ ಮಿತಿ ಹೆಚ್ಚಿಸ್ತೀನಿ, ಅಲ್ಲೇ ವಿಜ್ಞಾನ, ಎಂಜಿನಿಯರಿಂಗ್‌ನಲ್ಲಿ ಮೇಲಿನ ಪದವಿ ಪಡೆದವರಿಗೆ ಗ್ರೀನ್ ಕಾರ್ಡ್ ಕೊಡಿಸ್ತೀನಿ ಅಂತ ಬರೆದುಕೊಟ್ಟಿದ್ದಾರೆ. ಗವರ್ನರ್ ಆಗಿದ್ದಾಗ, 2004ರಲ್ಲಿ, ರಾಜ್ಯದ ಗುತ್ತಿಗೆ ಕೆಲಸ ಹೊರದೇಶಕ್ಕೆ ಹೋಗಬಾರದು ಅನ್ನೋ ನಿಯಮಕ್ಕೆ ವೀಟೋ ಹಾಕಿದವರೂ ಅವರೇ. ಹಾಗಾಗಿ ನಮ್ಮ ಐಟಿ ಮಂದಿಗೆ ಅವರ ಮೇಲೆ ಸ್ವಲ್ಪ ಒಲವು.

ಆದರೆ ಆ ವೀಟೋ ಉಳಿಸಿದ ಕೆಲಸ ಯಾವುದು ಗೊತ್ತಾ? ಮಸಾಚುಸೆಟ್ಸ್‌ನ ಬಡವರು ಸರ್ಕಾರದ ಆಹಾರ ನೆರವಿನ ಬಗ್ಗೆ ಫೋನ್ ಮಾಡಿದರೆ ಭಾರತದ ಕಾಲ್ ಸೆಂಟರ್‌ನಿಂದ ಉತ್ತರ ಬರ್ತಿತ್ತು. ನಡುರಾತ್ರಿ ಹೆಡ್‌ಫೋನ್ ಹಾಕಿಕೊಂಡು, ಈ ತಿಂಗಳ ನೆರವು ಇನ್ನೂ ಬಂದಿಲ್ಲ ಅಂತ ಅಳುವ ಹೆಂಗಸಿಗೆ ಸಮಾಧಾನ ಹೇಳ್ತಿದ್ದವರು ನಮ್ಮ ಹುಡುಗ ಹುಡುಗಿಯರು. ಆ 47 ಪರ್ಸೆಂಟ್ ಜನರ ದನಿಯನ್ನ ರೋಮ್ನಿಗಿಂತ ಹತ್ತಿರದಿಂದ ಕೇಳಿದವರು ಇವರು. ಈಗ ಒಬಾಮ ಕಡೆಯವರು ಅದನ್ನೇ ಜಾಹೀರಾತು ಮಾಡಿ, ರೋಮ್ನಿ ಭಾರತಕ್ಕೆ ಕೆಲಸ ಸಾಗಿಸಿದರು ಅಂತ ಬೈತಿದ್ದಾರೆ. ರೋಮ್ನಿ ಅದನ್ನ ಸಮರ್ಥಿಸಿಕೊಂಡು, ಹೌದು, ಅದರಿಂದ ರಾಜ್ಯದ ದುಡ್ಡು ಉಳಿಯಿತು ಅಂತ ಓಹಾಯೋ ವೇದಿಕೆ ಮೇಲೆ ಹೇಳ್ತಾರಾ? ಇಲ್ಲ. ಅವರೂ ಚೀನಾ ವಿರುದ್ಧ ಗುಡುಗ್ತಾರೆ. ತಮ್ಮ ಆರೋಗ್ಯ ಕಾನೂನನ್ನೇ ಕೈಬಿಟ್ಟವರು ನಿಮ್ಮ ಅಳಿಯನ ವೀಸಾಕ್ಕೆ ನಿಲ್ತಾರೆ ಅಂತ ಯಾವ ಧೈರ್ಯದ ಮೇಲೆ ಲೆಕ್ಕ ಹಾಕ್ತೀರಿ?

ಇವತ್ತಿನ ಚರ್ಚೆಯಲ್ಲೂ ಅದೇ ಆಟ. ವಿಷಯ ವಿದೇಶಾಂಗ ನೀತಿ. ವರ್ಷವಿಡೀ ಒಬಾಮ ದುರ್ಬಲ ಅಂದವರು, ಇವತ್ತು 2014ಕ್ಕೆ ಅಫ್ಘಾನಿಸ್ತಾನದಿಂದ ಸೈನ್ಯ ವಾಪಸ್ ಅನ್ನೋದಕ್ಕೂ ತಲೆ ಆಡಿಸಿದರು, ಡ್ರೋನ್ ದಾಳಿಗೂ ತಲೆ ಆಡಿಸಿದರು. ಕೊನೆಗೆ ಜಗಳ ಹತ್ತಿದ್ದು ಕಾರು ಕಾರ್ಖಾನೆಗಳ ಮೇಲೆ. 2008ರ ನವೆಂಬರ್‌ನಲ್ಲಿ, ಡೆಟ್ರಾಯ್ಟ್ ದಿವಾಳಿ ಆಗಲಿ ಬಿಡಿ ಅನ್ನೋ ತಲೆಬರಹದ ಲೇಖನ ರೋಮ್ನಿ ಹೆಸರಲ್ಲಿ ಬಂದಿತ್ತು. ತಲೆಬರಹ ಪತ್ರಿಕೆ ಕೊಟ್ಟಿದ್ದು, ಅದು ನ್ಯಾಯ. ಒಳಗೆ ಬರೆದದ್ದು ಕೋರ್ಟಿನ ಮೂಲಕ ಪುನಶ್ಚೇತನ ಮಾಡಿ ಅಂತ. ಆದರೆ ಆಗ ಬ್ಯಾಂಕುಗಳೇ ಮಕಾಡೆ ಮಲಗಿದ್ದವು. ಸರ್ಕಾರ ದುಡ್ಡು ಹಾಕದಿದ್ದರೆ ಇನ್ಯಾರೂ ಹಾಕುವ ಸ್ಥಿತಿಯಲ್ಲಿರಲಿಲ್ಲ.

ನವೆಂಬರ್ 6ಕ್ಕೆ ಅಲ್ಲಿ ಮತದಾನ. 7ನೇ ತಾರೀಕು, ಬುಧವಾರ, ಬೆಳಿಗ್ಗೆ 5 ಗಂಟೆಯಿಂದ ನಾವು ನೇರಪ್ರಸಾರದಲ್ಲಿ ಇರ್ತೀವಿ. ನಕ್ಷೆ ಮೇಲೆ ಐವತ್ತು ರಾಜ್ಯ ಕೆಂಪು, ನೀಲಿ ಆಗ್ತಾ ಹೋಗುತ್ತೆ, ತಲೆ ಕೆಡಿಸಿಕೊಳ್ಳಬೇಡಿ. ಓಹಾಯೋ ಒಂದನ್ನ ನೋಡ್ತಾ ಇರಿ. 18 ಮತಗಳ ರಾಜ್ಯ, ಕಾರಿನ ಬಿಡಿಭಾಗ ಮಾಡಿ ಹೊಟ್ಟೆ ಹೊರೆಯುವ ಊರುಗಳು. ಅದನ್ನ ಸೋತು ಶ್ವೇತಭವನ ಸೇರಿದ ರಿಪಬ್ಲಿಕನ್ ಇದುವರೆಗೆ ಒಬ್ಬನೂ ಇಲ್ಲ.

ಆ ಬೋಕಾ ರಾಟನ್ ವಿಡಿಯೋ ತೆಗೆದವರು ಯಾರು ಅಂತ ಇನ್ನೂ ಗೊತ್ತಾಗಿಲ್ಲ. ಇಂಟರ್ನೆಟ್‌ನಲ್ಲಿ ಇದೆ, ಪುರುಸೊತ್ತಾದಾಗ ಒಮ್ಮೆ ನೋಡಿ. ರೋಮ್ನಿ ಮಾತಾಡ್ತಾನೇ ಇರ್ತಾರೆ, ಹಿಂದೆ ತಟ್ಟೆ ಲೋಟದ ಸದ್ದು ಕೇಳಿಸ್ತಾ ಇರುತ್ತೆ. ಬಡಿಸುವವರು ಅಲ್ಲೇ ಓಡಾಡ್ತಿದ್ದರು.